ಮೈಬಣ್ಣ ಒಂದೇ ಸಾಕಾ?

ಬೈಯೋಮಿಸ್ ಮಸ್ಕ್ಯುಲಸ್ ಎಂಬ ಪುಟಾಣಿ ಇಲಿಯ ಉಪಜಾತಿಗಳನ್ನು (ಒಂದೇ ಜಾತಿಯೊಳಗಿನ ಪ್ರಾದೇಶಿಕ ಗುಂಪುಗಳನ್ನು) ಮೈಬಣ್ಣ ನೋಡಿಯೇ ಹೇಳಬಹುದು ಎಂದು ನಿಮ್ಮ ಫೋಟೋ ಬರಹದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಮೆಕ್ಸಿಕೋದಿಂದ ನಿಕರಾಗುವಾವರೆಗೆ ಹರಡಿದ ಇಲಿ ಇದು. ಮೆಕ್ಸಿಕೋದಲ್ಲೇ ಮೊರೆಲೋಸ್ ಕಡೆಯ ಪ್ಯಾಲಿಡಸ್ ಎಂಬ ಉಪಜಾತಿ ತಿಳಿ ಬಣ್ಣದ್ದು, ಚಿಯಾಪಾಸ್‌ನ ನೈಗ್ರೆಸೆನ್ಸ್ ಕಪ್ಪು ಛಾಯೆಯದು, ನಿಜ. ತೇವ ಜಾಸ್ತಿ ಇದ್ದಲ್ಲಿ ಬಣ್ಣ ಗಾಢ ಎಂಬ ಗ್ಲೋಗರ್ ನಿಯಮಕ್ಕೂ ಅದು ಹೊಂದುತ್ತದೆ. ಆದರೆ ಇವೇನು ಬೇರೆ ಬೇರೆ ದ್ವೀಪಗಳಲ್ಲಿ ಇಲ್ಲವಲ್ಲ! ನಡುವಿನ ಜಾಗಗಳಲ್ಲಿ ಬಣ್ಣ ಮೆಲ್ಲಗೆ ಬದಲಾದರೆ ಗೆರೆ ಎಲ್ಲಿ ಎಳೆಯುವುದು? ಮರಿಗಳಂತೂ ಬೂದು. ಮ್ಯೂಸಿಯಂನ ಹಳೇ ಚರ್ಮ ಮಾಸಿರುತ್ತದೆ ಬೇರೆ. ಹಲ್ಲು ಎಷ್ಟು ಸವೆದಿದೆ ನೋಡಿ ವಯಸ್ಸು ಅಂದಾಜಿಸಿ, ಒಂದೇ ವಯಸ್ಸಿನವುಗಳ ತಲೆಬುರುಡೆ ಅಳೆದು ಹೋಲಿಸಬೇಕು, ಅಲ್ವಾ? ಫೋಟೋ ಜೊತೆ ಆ ಅಳತೆಗಳನ್ನೂ ಹಾಕಿದ್ದರೆ ಚೆನ್ನಾಗಿತ್ತು.