ಹಸು ತಂದು ಕಟ್ಟೋಕೆ ಎಲ್ರೂ ಇದ್ದಾರೆ, ಹುಲ್ಲು ಹಾಕೋಕೆ ಯಾರು?

ನಿನ್ನೆ ಭಾನುವಾರ ಬೆಳಗ್ಗೆ 10ಕ್ಕೆ ಆನ್‌ಲೈನ್‌ನಲ್ಲಿ ಕೂತ್ವಿ. ಡೆಬಿಯನ್ ಅನ್ನೋ ಮುಕ್ತ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಖಗೋಳದ ಸಾಫ್ಟ್‌ವೇರ್ ಪ್ಯಾಕೇಜ್ ಮಾಡೋ, ಅಂದ್ರೆ ಸುಲಭವಾಗಿ ಇನ್‌ಸ್ಟಾಲ್ ಆಗೋ ಹಾಗೆ ಕಟ್ಟಿಕೊಡೋ ವಾಲಂಟಿಯರ್‌ಗಳನ್ನ ಸೇರಿಸೋಕೆ ಎರಡು ತಿಂಗಳಿಂದ ಒದ್ದಾಡ್ತಿರೋದು ನಿಮಗೆಲ್ಲ ಗೊತ್ತೇ ಇದೆ. 14 ಜನ ಬಂದ್ರು, ತುಂಬಾ ಖುಷಿ ಆಯ್ತು. ಯಾರು ಏನ್ ಮಾಡ್ತೀರ ಅಂತ ಕೇಳಿದ್ರೆ 12 ಜನಕ್ಕೆ ಹೊಸ ಪ್ಯಾಕೇಜೇ ಬೇಕಂತೆ. ಹಳೇವು ಬಿಲ್ಡ್ ಆಗ್ದೆ, ಅಂದ್ರೆ ಸೋರ್ಸ್ ಕೋಡ್‌ನಿಂದ ಓಡೋ ಪ್ರೋಗ್ರಾಂ ತಯಾರಾಗ್ದೆ ನಿಂತಿದಾವೆ, ಮೊದಲು ಅವನ್ನ ನೋಡೋಣ್ವಾ ಅಂದಿದ್ದೇ ತಡ, ಒಬ್ಬೊಬ್ಬರಾಗಿ ಎದ್ದು ಹೋದ್ರು, ಊಟದ ಹೊತ್ತಿಗೆ ಉಳಿದಿದ್ದು 3 ಜನ. ಸಿಟ್ಟು ಇನ್ನೂ ಇಳಿದಿಲ್ಲ.

ಡೆಬಿಯನ್ ಆಸ್ಟ್ರೋ ಅನ್ನೋ ಖಗೋಳ ಸಾಫ್ಟ್‌ವೇರ್ ಗುಚ್ಛ 2017ರಲ್ಲಿ ಡೆಬಿಯನ್ 9ರ ಜೊತೆ ಮೊದಲ ಸಲ ಬಂತು. ಆಸ್ಟ್ರೋ-ಎಜುಕೇಶನ್ ಅಂತ ಒಂದು ಹೆಸರು ಟೈಪ್ ಮಾಡಿದ್ರೆ ಸಾಕು, ಪರದೆ ಮೇಲೆ ಆಕಾಶ ತೋರಿಸೋ ಸ್ಟೆಲೇರಿಯಂ, ಕೆಸ್ಟಾರ್ಸ್ ಎಲ್ಲ ಒಟ್ಟಿಗೆ ಬಂದು ಕೂರತ್ತೆ. ಹೊಸಕೋಟೆ ಹತ್ರ ಕೂತು ಲಡಾಖ್‌ನ ಹಾನ್ಲೆಯಲ್ಲಿರೋ 2 ಮೀಟರ್ ದೂರದರ್ಶಕ ನಡೆಸ್ತಾರಲ್ಲ, ಅಲ್ಲಿಂದ ಬರೋ ಫಿಟ್ಸ್ ಫೈಲ್ (ಖಗೋಳದ ಚಿತ್ರ, ಅಳತೆ ಇಡೋ ಫೈಲ್) ತೆಗೆದು ನೋಡೋಕೆ, ನಕ್ಷತ್ರದ ಬೆಳಕು ಅಳೆಯೋಕೆ ಬೇಕಾದ ಸಾಮಾನೂ ಡೆಬಿಯನ್ ಆಸ್ಟ್ರೋದಲ್ಲೇ ಇದೆ. ಇದ್ಯಾವುದೂ ತಾನಾಗೇ ಬಂದಿದ್ದಲ್ಲ ಸ್ವಾಮಿ, ಯಾರೋ ನಿದ್ದೆ ಕೆಟ್ಟು ಕೂತು ಮಾಡಿದ್ದು.

ಆ ಕೆಲಸ ಏನು ಅಂತ ಹೇಳ್ತೀನಿ ಕೇಳಿ. ಪಿಜಿಪ್ಲಾಟ್ ಅಂತ ಗ್ರಾಫ್ ಬಿಡಿಸೋ ಹಳೇ ಲೈಬ್ರರಿ, ಎಷ್ಟೋ ಖಗೋಳ ಸಾಫ್ಟ್‌ವೇರ್ ಅದರ ಮೇಲೇ ನಿಂತಿದ್ದವು. ಸೋರ್ಸ್ ಕಣ್ಣಿಗೆ ಕಾಣತ್ತೆ, ಆದ್ರೆ ಲೈಸೆನ್ಸ್ ಮುಕ್ತ ಅಲ್ಲ, ಬೇಕಾದ ಹಾಗೆ ಬದಲಿಸಿ ಹಂಚೋ ಹಕ್ಕಿಲ್ಲ, ಡೆಬಿಯನ್ ಮುಖ್ಯ ಭಂಡಾರದಲ್ಲಿ ಅದಕ್ಕೆ ಜಾಗ ಇಲ್ಲ. ಅದೇ ಫಂಕ್ಷನ್‌ಗಳನ್ನ ಕೊಡೋ ಗೀಝಾ ಅನ್ನೋದು ಬಂದ ಮೇಲೇ ದಾರಿ ಆಗಿದ್ದು. ದೂರದರ್ಶಕದ ಚಿತ್ರ ಸಂಸ್ಕರಿಸೋ ಹಳೇ ಸಾಫ್ಟ್‌ವೇರ್ ಐರಾಫ್ ಒಳಗೂ ಹಾಗೇ, ಮುಕ್ತ ಅಲ್ಲದ ಕೋಡ್ ಅಲ್ಲಲ್ಲಿ ಸೇರ್ಕೊಂಡಿತ್ತು, ಅದನ್ನ ಹುಡುಕಿ ತೆಗೆದು ಬೇರೆ ಬರೆದು ಹಾಕಬೇಕಾಯ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಫೈಲ್ ಫೈಲೂ ಓದಬೇಕು. ಇದಕ್ಕೆ ಕೂರೋರು ಬೇಕು ನನಗೆ.

ಸಾಫ್ಟ್‌ವೇರ್ ನೇರ ನೆಟ್‌ನಿಂದ ಇಳಿಸ್ಕೊಳ್ಳೋಕೆ ಪಿಪ್ ಇದೆ, ಕೋಂಡಾ ಇದೆ, ಇನ್ನೂ ಯಾಕೆ ಈ ಕಷ್ಟ ಅಂತ ನಿನ್ನೆನೂ ಒಬ್ಬರು ಕೇಳಿದ್ರು. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಸರಿ, ನಾನೂ ಬಳಸ್ತೀನಿ. ಆದ್ರೆ ನೆಟ್ಟಗೆ ನೆಟ್ ಇಲ್ಲದ ಕಾಲೇಜ್ ಲ್ಯಾಬಲ್ಲಿ 20 ಮಷೀನ್ ನೋಡ್ಕೊಳ್ಳೋ ಮೇಷ್ಟ್ರಿಗೆ? ಎಲ್ಲದರಲ್ಲೂ ಒಂದೇ ವರ್ಷನ್ ಇರ್ಬೇಕು, ವರ್ಷಗಟ್ಟಲೆ ಸೆಕ್ಯುರಿಟಿ ತೇಪೆ ಬರ್ತಿರ್ಬೇಕು. ಡೆಬಿಯನ್ ಸ್ಟೇಬಲ್‌ಗೆ, ಅಂದ್ರೆ ಬಿಡುಗಡೆಯಾದ ಸ್ಥಿರ ಆವೃತ್ತಿಗೆ 3 ವರ್ಷ, ಎಲ್‌ಟಿಎಸ್ ಅನ್ನೋ ದೀರ್ಘಾವಧಿ ಬೆಂಬಲ ಸೇರಿದ್ರೆ 5 ವರ್ಷ ಸಿಗತ್ತೆ. ಅದನ್ನ ಬಿಟ್ಟು ಆ ಮೇಷ್ಟ್ರು ಎಲ್ಲಿಗೆ ಹೋಗ್ಬೇಕು ಹೇಳಿ.

ಮತ್ತೆ ಅಲ್ಲಿಗೇ ಬರ್ತೀನಿ, ಹಸು ತಂದು ಕಟ್ಟೋದು ಒಂದು ದಿನದ ಕೆಲಸ, ಹುಲ್ಲು ದಿನಾ ಹಾಕ್ಬೇಕು. ಡೆಬಿಯನ್ 11ರ ಹೊತ್ತಿಗೆ ಪೈಥಾನ್ ಭಾಷೆಯ ಹಳೇ ಆವೃತ್ತಿ ಪೈಥಾನ್ 2 ನಂಬಿದ್ದ ಪ್ಯಾಕೇಜ್‌ಗಳನ್ನ ಒಂದೋ ಪೈಥಾನ್ 3ಕ್ಕೆ ತರಬೇಕಿತ್ತು, ಇಲ್ಲಾಂದ್ರೆ ಬಿಡಬೇಕಿತ್ತು. ಫಿಟ್ಸ್ ಫೈಲಲ್ಲಿ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು ಬರತ್ತೆ, ನಮ್ಮ ಪಿಸಿಗಳಲ್ಲಿ ಉಲ್ಟಾ, ಅದಕ್ಕೆ ಓದುವಾಗ ತಿರುಗಿಸ್ಬೇಕು. ಮಷೀನ್ ಯಾವುದು ಅಂತ ನೋಡ್ದೆ ಯಾವಾಗ್ಲೂ ತಿರುಗಿಸೋ ಕೋಡ್ ನಮ್ಮಲ್ಲಿ ಚೆನ್ನಾಗೇ ಓಡತ್ತೆ, ಡೆಬಿಯನ್ ಅದನ್ನ ಫಿಟ್ಸ್ ಥರಾನೇ ದೊಡ್ಡ ಬೆಲೆಯ ಬೈಟ್ ಮೊದಲು ಇಡೋ ಐಬಿಎಂ ಮೇನ್‌ಫ್ರೇಮ್ ಮೇಲೆ ಬಿಲ್ಡ್ ಮಾಡಿದಾಗ ಟೆಸ್ಟ್ ಫೇಲ್ ಆಗತ್ತೆ. ಮೇನ್‌ಫ್ರೇಮಲ್ಲಿ ಯಾರ್ರೀ ನಕ್ಷತ್ರ ನೋಡ್ತಾರೆ ಅಂತ ಕೇಳ್ಬೇಡಿ, ತಪ್ಪು ಕೋಡಲ್ಲಿತ್ತು, ಅಲ್ಲಿ ಹೊರಗೆ ಬಂತು.

ಒಂದು ವಿಷಯ ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ನನ್ನ ಪ್ಯಾಕೇಜ್ ಮೇಲೂ ಗಂಭೀರ ಬಗ್ ಬಂದಿತ್ತು, ನಾನು ಮೇಲ್ ತೆಗೆದೂ ನೋಡ್ಲಿಲ್ಲ, ಮುಂದಿನ ಡೆಬಿಯನ್ ತಯಾರಾಗೋ ಟೆಸ್ಟಿಂಗ್ ಭಂಡಾರದಿಂದ ಆ ಪ್ಯಾಕೇಜ್ ಹೊರಗೆ ಬಿತ್ತು. ಮುಖನೇ ನೋಡಿರದ ಟೀಮಿನವರೊಬ್ಬರು, ಒಂದು ಮಾತೂ ಆಡ್ದೆ, ಸರಿ ಮಾಡಿ ಮತ್ತೆ ಒಳಗೆ ಸೇರಿಸಿದ್ರು. ಆ ಚೇಂಜ್‌ಲಾಗ್ (ಮಾಡಿದ ಬದಲಾವಣೆಗಳ ಪಟ್ಟಿ) ಓದಿ ಆಸ್ಪತ್ರೆ ಕಾರಿಡಾರಲ್ಲಿ ಅತ್ತುಬಿಟ್ಟಿದ್ದೆ. ನಿನ್ನೆ ಎದ್ದು ಹೋದವರ ಮೇಲೆ ಸಿಟ್ಟು ಯಾಕೆ ಇಷ್ಟು ಅಂತ ಈಗ ಅರ್ಥ ಆಗಿರ್ಬೇಕು.

ಮುಂದಿನ ಭಾನುವಾರ ಮತ್ತೆ 10ಕ್ಕೆ ಕೂರ್ತೀವಿ. ಉಳಿದ ಮೂವರೂ ಒಂದೊಂದು ಬಗ್ ತಗೊಂಡಿದಾರೆ, ನಾಲ್ಕನೇದು ಹಾಗೇ ಇದೆ, ಲೈಸೆನ್ಸ್ ಫೈಲ್ ಓದೋ ಕೆಲಸ, ಕೋಡಿಂಗ್ ಬರ್ದಿದ್ರೂ ನಡೆಯತ್ತೆ. ಬರೋ ಮನಸ್ಸಿದ್ರೆ ಇನ್‌ಬಾಕ್ಸಲ್ಲಿ ಹೇಳಿ.