ಎಂಜಿನ್ ಇಳಿಸಿದ್ದಾಯಿತು, ಬ್ರೇಕ್ ಕಥೆ ಏನು?

ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಇಳಿಸಿ ಮೋಟರ್ ಕೂರಿಸಿದ ವಿದ್ಯಾರ್ಥಿಗಳ ವಿಡಿಯೊ ಬಂದರೆ ಎಲ್ಲರೂ ಕೇಳೋದು ಒಂದೇ, 'ಎಷ್ಟು ಕಿಲೋಮೀಟರ್ ಓಡುತ್ತೆ?' ನನಗೆ ಕೇಳಬೇಕು ಅನ್ನಿಸೋದು, 'ಬ್ರೇಕಿಗೆ ಏನು ಮಾಡಿದ್ರಿ?'

ಪೆಟ್ರೋಲ್ ಕಾರಿನ ಬ್ರೇಕ್ ಪೆಡಲ್ ಹಗುರಾಗಿರೋದು ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ನಿರ್ವಾತದ (ವ್ಯಾಕ್ಯೂಮ್) ಬಲದಿಂದ. ಎಂಜಿನ್ ಹೋದರೆ ಅದೂ ಹೋಯಿತು, ಕರೆಂಟಿನ ವ್ಯಾಕ್ಯೂಮ್ ಪಂಪ್ ಹಾಕಬೇಕು. ಎಸಿ ಕಂಪ್ರೆಸರ್, ಹಳೆಯ ಪವರ್ ಸ್ಟೀರಿಂಗ್ ಪಂಪ್ ಎರಡೂ ಎಂಜಿನ್ ಬೆಲ್ಟಿನಲ್ಲೇ ತಿರುಗುತ್ತಿದ್ದವು. ಹೀಟರಿಗೆ ಅದರ ಬಿಸಿನೀರೇ ಆಧಾರ. ಹೆಡ್‌ಲೈಟಿನ 12 ವೋಲ್ಟ್ ಬ್ಯಾಟರಿ ತುಂಬಿಸುತ್ತಿದ್ದ ಆಲ್ಟರ್ನೇಟರ್ ಕೂಡ ಇಲ್ಲ. ಮನೆ ನಡೆಸುತ್ತಿದ್ದ ಅಜ್ಜಿ ನಾಲ್ಕು ದಿನ ಊರಿಗೆ ಹೋದಾಗ ಗೊತ್ತಾಗುತ್ತಲ್ಲ, ಹಾಗೆ.

ಆಮೇಲೆ ತೂಕ. 40 ಲೀಟರ್ ಪೆಟ್ರೋಲ್ ಸುಮಾರು 30 ಕೆಜಿ. ಕೆಜಿಗೆ 150 ವಾಟ್-ಅವರ್ ಹಿಡಿಸುವ ಬ್ಯಾಟರಿಯಾದರೆ 20 ಯೂನಿಟ್ಟಿಗೇ (ಒಂದು ಯೂನಿಟ್ ಅಂದರೆ 1000 ವಾಟ್-ಅವರ್) 130 ಕೆಜಿ ದಾಟುತ್ತದೆ. ಅದನ್ನೆಲ್ಲ ಡಿಕ್ಕಿಯಲ್ಲಿ ತುಂಬಿದರೆ ಹಿಂದಿನ ಸ್ಪ್ರಿಂಗ್ ಕೂರುತ್ತದೆ, ಮುಂದಿನ ಚಕ್ರದ ಹಿಡಿತ ಸಡಿಲ. ಹೊಸದಾಗಿ ಪುಟ್ಟ ಬಗ್ಗಿ (ಚಿಕ್ಕ ತೆರೆದ ಗಾಡಿ) ಕಟ್ಟುವವರಿಗೆ ಈ ತಲೆನೋವಿಲ್ಲ, ಅವರು ಬೇಕಾದಲ್ಲಿ ಜಾಗ ಮಾಡಿಕೊಳ್ಳುತ್ತಾರೆ. ಅದಕ್ಕೇ ನನ್ನ ಪ್ರಕಾರ ಕನ್ವರ್ಷನ್ನೇ, ಅಂದರೆ ಹಳೆ ಕಾರನ್ನೇ ಮೋಟರಿಗೆ ಬದಲಿಸೋದೇ, ಒಳ್ಳೆಯ ಪಾಠ, ಬೇರೆಯವರು ಯಾಕೆ ಹಾಗೆ ಕಟ್ಟಿದ್ದರು ಅಂತ ಓದಿಕೊಳ್ಳದೆ ಒಂದು ಬೋಲ್ಟೂ ಬಿಚ್ಚುವ ಹಾಗಿಲ್ಲ.

ಇದಕ್ಕೆ ಸಮಯ ಬೇಕು. ಅಮೆರಿಕದ ಇಕೋಕಾರ್ 3 ಸ್ಪರ್ಧೆಯಲ್ಲಿ ವಿಶ್ವವಿದ್ಯಾಲಯಗಳ ತಂಡಗಳಿಗೆ ಷೆವರ್ಲೆ ಕಮಾರೊವನ್ನು ಹೈಬ್ರಿಡ್ ಮಾಡಲು 2014ರಿಂದ 2018ರವರೆಗೆ ನಾಲ್ಕು ವರ್ಷ ಕೊಟ್ಟಿದ್ದರು. ಮೊದಲ ವರ್ಷದ ಕೆಲಸವೆಲ್ಲ ಹೆಚ್ಚುಕಡಿಮೆ ವಿನ್ಯಾಸ, ಸಿಮ್ಯುಲೇಶನ್. ಕೊನೆ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಶುರುಮಾಡಿಸಿ ಕಾರು ಓಡಲೇಬೇಕು ಅನ್ನುವವರು ಇದನ್ನು ನೋಡಲಿ.

ಟಾಪಿನ ಮೇಲಿನ ಸೋಲಾರ್ ಬಗ್ಗೆಯೂ ಹೇಳಿಬಿಡ್ತೀನಿ (ಬೈಯುವವರು ಬೈಯಿರಿ). ಎರಡು ಚದರ ಮೀಟರ್ ಪ್ಯಾನೆಲ್ ನಡುಮಧ್ಯಾಹ್ನ ಕೊಟ್ಟರೆ 400 ವಾಟ್. ಒಳ್ಳೆ ಬಿಸಿಲಲ್ಲಿ ದಿನಕ್ಕೆ 2 ಯೂನಿಟ್ ಅಂದುಕೊಂಡರೂ, ಕಿಲೋಮೀಟರಿಗೆ 150 ವಾಟ್-ಅವರ್ ತಿನ್ನುವ ಕಾರು ಹದಿಮೂರು ಕಿಲೋಮೀಟರ್ ಹೋದೀತು. ಅದೇ ಪ್ಯಾನೆಲ್ಲನ್ನು ಕಟ್ಟಡದ ಮೇಲೆ ಸೂರ್ಯನ ಕಡೆ ವಾಲಿಸಿಟ್ಟರೆ ಹೆಚ್ಚು ಸಿಗುತ್ತದೆ, ಕಾರೂ ನೆರಳಲ್ಲಿ ನಿಲ್ಲಬಹುದು. ಫೋಟೊ ಚೆನ್ನಾಗಿ ಬರಲ್ಲ, ಅಷ್ಟೇ.

ನನಗೆ ನಿಜಕ್ಕೂ ಭಯ ಇರೋದು ವೋಲ್ಟೇಜಿನದು. ನೂರಾರು ವೋಲ್ಟ್ ಡಿಸಿ ಮುಟ್ಟಿದವರನ್ನು ಕೊಲ್ಲಬಲ್ಲದು. ಪ್ರದರ್ಶನದ ದಿನ ಅತಿಥಿಗಳು ಬಂದು ಕೂತಿರುತ್ತಾರೆ, ಕರೆಂಟ್ ಕಾರಿನ ಮೈಗೆ ಸೋರುತ್ತಿಲ್ಲವಾ ಅಂತ ನೋಡುವ ಇನ್ಸುಲೇಶನ್ ಪರೀಕ್ಷೆ ಬಾಕಿ ಇರುತ್ತದೆ. 'ಇವತ್ತು ಕಾರು ಆನ್ ಮಾಡಲ್ಲ ಸರ್' ಅನ್ನುವ ಹುಡುಗಿ ತಂಡದಲ್ಲಿದ್ದರೆ ನನ್ನ ಪೂರ್ತಿ ಅಂಕ ಅವಳಿಗೆ.