ಗೇಟಿನೊಳಗೆ ವಾಫಲ್, ಗೇಟಿನಾಚೆ ಕುಲ್ಫಿ

ಬೆಂಗಳೂರಲ್ಲಿ ರಾತ್ರಿ ಊಟ ಆದಮೇಲೆ ಯಾರಾದರೂ "ಏನಾದ್ರೂ ಸಿಹಿ ತಿನ್ನೋಣ್ವಾ" ಅಂದರೆ ಅದು ಸಣ್ಣ ಮಾತಲ್ಲ. ಬಟ್ಟೆ ಬದಲಿಸಬೇಕು, ಕಾರಿನ ಕೀ ಹುಡುಕಬೇಕು, ಅಲ್ಲಿ ಪಾರ್ಕಿಂಗ್ ಸಿಗುತ್ತಾ ಅಂತ ಚರ್ಚೆ ಆಗಬೇಕು. ಹತ್ತು ಕಿಲೋಮೀಟರ್ ದಾಟೋಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುವ ಊರಿದು. ಅಷ್ಟು ಮಾತಾಡುವಷ್ಟರಲ್ಲಿ ಆಸೆಯೇ ಇಳಿದು, ಫ್ರಿಜ್‌ನಲ್ಲಿ ಉಳಿದ ಮೈಸೂರ್‌ಪಾಕಿನ ತುಂಡಿಗೆ ಎಲ್ಲರೂ ರಾಜಿಯಾಗುತ್ತಾರೆ.

ವಾಫಲ್, ಐಸ್‌ಕ್ರೀಮ್ ಥರದ ಸಿಹಿ ಮಾರುವ ಡೆಸರ್ಟ್ ಟ್ರಕ್ಕುಗಳು ಇಲ್ಲಿ ಹಿಡಿಸಿದ್ದು ಇದೇ ಕಾರಣಕ್ಕೆ ಅಂತ ನನ್ನ ಅನಿಸಿಕೆ. ರುಚಿ ಆಮೇಲಿನ ಮಾತು. ನಾವು ಹೋಗಬೇಕಾಗಿಲ್ಲ, ಅದೇ ಬರುತ್ತೆ. ಚಪ್ಪಲಿ ಮೆಟ್ಟಿಕೊಂಡು ಇಳಿದರೆ ಸಾಕು. ಆ್ಯಪ್‌ನಲ್ಲಿ ತರಿಸಿದ ಐಸ್‌ಕ್ರೀಮೂ ಮನೆಗೇ ಬರುತ್ತಲ್ಲ ಅಂತೀರಾ? ಬರುತ್ತೆ, ಆದರೆ ಅದನ್ನು ಟಿವಿ ಮುಂದೆ ಕೂತು ತಿಂದು ಮಲಗುತ್ತೀರಿ. ಗಾಡಿಯ ಹತ್ತಿರ ಇಳಿದವರಿಗೆ ಮೂರನೇ ಮಹಡಿಯ ಅಜ್ಜಿ ಸಿಗುತ್ತಾರೆ, ಆಗಷ್ಟೇ ಆಫೀಸಿನಿಂದ ಬಂದ ಹುಡುಗರು ಸಿಗುತ್ತಾರೆ. ಲಿಫ್ಟಿನಲ್ಲಿ ಮೊಬೈಲ್ ನೋಡುತ್ತಾ ನಿಲ್ಲುವವರೇ ಇಲ್ಲಿ "ಪಿಸ್ತಾ ಹೇಗಿದೆ, ಆಂಟಿ?" ಅಂತ ಕೇಳುತ್ತಾರೆ.

ಟ್ರಕ್ಕಿನವರ ಲೆಕ್ಕ ಬೇರೆ. ಈ ಊರಲ್ಲಿ ಅಂಗಡಿ ಹಿಡಿಯಬೇಕೆಂದರೆ ಬಾಡಿಗೆಗಿಂತ ಮೊದಲು ಹೆದರಿಸುವುದು ಅಡ್ವಾನ್ಸ್. ಅದಕ್ಕಿಂತ 2005ರಲ್ಲಿ ಬಂದ ಟಾಟಾ ಏಸ್ ಥರದ ಪುಟ್ಟ ಗಾಡಿ ಕೊಂಡು, ಒಂದು ಪಕ್ಕ ಕತ್ತರಿಸಿ ಕೌಂಟರ್ ಮಾಡಿ, ಬಲ್ಬಿನ ಸರ ಕಟ್ಟಿದರೆ ಅಂಗಡಿ ರೆಡಿ. ವ್ಯಾಪಾರ ಇಲ್ಲದ ಕಡೆಯಿಂದ ಇರುವ ಕಡೆಗೆ ಓಡಿಸಬಹುದು. ಕನಿಷ್ಠ ಕಾಗದದ ಮೇಲೆ ಹಾಗಿದೆ. ನಾನು ಕಂಡ ಎಷ್ಟೋ ಟ್ರಕ್ಕುಗಳ ಟೈರಿನ ಕೆಳಗೆ ಹುಲ್ಲು ಬೆಳೆದಿದೆ. ನಿಂತಲ್ಲೇ ನಿಂತು, ಮೆನು ಬೋರ್ಡು ಉದ್ದವಾಗುತ್ತಾ ಹೋಗಿ, ವಾಫಲ್ ಪಕ್ಕದಲ್ಲಿ ಮ್ಯಾಗಿ, ಮ್ಯಾಗಿ ಪಕ್ಕದಲ್ಲಿ ಪೆರಿ ಪೆರಿ ಫ್ರೈಸ್ ಸೇರಿದ ಮೇಲೆ ಅದನ್ನು ಟ್ರಕ್ ಅನ್ನೋಕೆ ನನಗೆ ಮನಸ್ಸು ಬರಲ್ಲ.

ನಿಜವಾಗಿ ಓಡಾಡುವ ಸಿಹಿ ಬೇಕಾದರೆ ರಾತ್ರಿ ಗಂಟೆ ಬಾರಿಸಿಕೊಂಡು ಬರುವ ಕುಲ್ಫಿ ಗಾಡಿ ನೋಡಿ. ಕೆಂಪು ಬಟ್ಟೆ ಸುತ್ತಿದ ಮಡಕೆ, ಒಂದು ಲೈಟು, ಹಿತ್ತಾಳೆ ಗಂಟೆ. ಜನರೇಟರ್ ಇಲ್ಲ, ಕಂಪ್ರೆಸರ್ ಇಲ್ಲ. ಮಡಕೆಯೊಳಗೆ ಐಸು, ಕಲ್ಲುಪ್ಪು, ನಡುವೆ ತಗಡಿನ ಅಚ್ಚುಗಳು. ಐಸಿಗೆ ಉಪ್ಪು ಬೆರೆತರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಎಳೆದುಕೊಳ್ಳುತ್ತೆ. ಪ್ರಮಾಣ ಸರಿಯಿದ್ದರೆ ಮೈನಸ್ 21 ಡಿಗ್ರಿವರೆಗೂ ಇಳಿಸಬಹುದು. ಎಂಟನೇ ಕ್ಲಾಸಿನ ವಿಜ್ಞಾನವನ್ನು ಇಷ್ಟು ರುಚಿಯಾಗಿ ಯಾವ ಮೇಷ್ಟ್ರೂ ನನಗೆ ಕಲಿಸಲಿಲ್ಲ.

ಕುಲ್ಫಿಯೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಐಸ್‌ಕ್ರೀಮನ್ನು ಕಡೆಯುತ್ತಾ ಹೆಪ್ಪುಗಟ್ಟಿಸುವಾಗ ಗಾಳಿ ಸೇರುತ್ತೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಸಾಮಾನ್ಯ ಐಸ್‌ಕ್ರೀಮ್ ಲೀಟರಿಗೆ 525 ಗ್ರಾಂ ತೂಗಿದರೂ ಸಾಕು, ಅಂದರೆ ಹೆಚ್ಚುಕಮ್ಮಿ ಅರ್ಧ ಡಬ್ಬಿ ಗಾಳಿಗೆ ಕಾನೂನಿನ ಒಪ್ಪಿಗೆಯಿದೆ! ಕುಲ್ಫಿಯಲ್ಲಿ ಆ ಆಟ ನಡೆಯಲ್ಲ. ಹಾಲನ್ನು ಕುದಿಸಿ ಕುದಿಸಿ ಬತ್ತಿಸಿ, ಕಡೆಯದೆ ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತಾರೆ. ಅದಕ್ಕೇ ಅದು ನಿಧಾನ ಕರಗುತ್ತೆ. ಅಚ್ಚನ್ನು ಎರಡು ಅಂಗೈ ನಡುವೆ ಉರುಳಿಸಿ, ಕಡ್ಡಿ ಚುಚ್ಚಿ, ಹೊರಗೆಳೆದು ಕೈಗೆ ಕೊಡುತ್ತಾರೆ. ಹರಟೆ ಹೊಡೆಯುತ್ತಾ ತಿಂದರೂ ಮುಂಗೈಗೆ ಇಳಿಯುವುದು ಕಡಿಮೆ. ಟ್ರಕ್ಕಿನ ಸಾಫ್ಟಿ ಕೋನ್ ತೆಗೆದುಕೊಂಡು ಯಾರ ಜೊತೆಗಾದರೂ ನಾಲ್ಕು ಮಾತಾಡಿ ನೋಡಿ, ಗೊತ್ತಾಗುತ್ತೆ.

ಎಲ್ಲ ಸಿಹಿಯೂ ಚಕ್ರ ಹತ್ತಬೇಕಾಗಿಲ್ಲ ಅನ್ನುವುದಕ್ಕೆ ನನ್ನ ಸಾಕ್ಷಿ ಗಡ್‌ಬಡ್. ಉಡುಪಿ-ಮಂಗಳೂರು ಕಡೆಯ ಈ ಪದರಗಳ ಐಸ್‌ಕ್ರೀಮಿಗೆ ಉದ್ದನೆಯ ಗಾಜಿನ ಲೋಟ ಬೇಕು, ಉದ್ದನೆಯ ಚಮಚ ಬೇಕು, ಮೇಲೆ ಫ್ಯಾನು ತಿರುಗುತ್ತಿರಬೇಕು. ಜೆಲ್ಲಿ, ಹಣ್ಣು, ಒಣಹಣ್ಣು ಎಲ್ಲ ತಳದವರೆಗೆ ಪದರ ಪದರವಾಗಿ ಸಿಗಬೇಕು. ಅದನ್ನು ಕಾಗದದ ಕಪ್ಪಿಗೆ ಸುರಿದು ಮರದ ಚಪ್ಪಟೆ ಚಮಚ ಸಿಕ್ಕಿಸಿ ಟ್ರಕ್ಕಿನಿಂದ ಕೊಟ್ಟರೆ ಕರಾವಳಿಯವರು ಸುಮ್ಮನಿರಬಾರದು.

ಸಿಹಿಯೇ ಜನರ ಹತ್ತಿರ ಬರುವುದು ಈ ಊರಿಗೆ ಹೊಸದೂ ಅಲ್ಲ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಬೆಂಡು, ಬತ್ತಾಸು, ಕಲ್ಯಾಣಸೇವೆ ಗುಡ್ಡೆ ಹಾಕಿಕೊಂಡು ಕೂತವರು ಸಿಗುತ್ತಾರೆ. ಇಲ್ಲಿ ಮುಗಿದರೆ ಇನ್ನೊಂದು ಊರಿನ ಜಾತ್ರೆ ಹಿಡಿಯುವವರು ಅವರು. ಟ್ರಕ್ ಹುಡುಗರು ಇನ್‌ಸ್ಟಾಗ್ರಾಂನಲ್ಲಿ "ಇವತ್ತು ಇಲ್ಲಿದ್ದೇವೆ" ಅಂತ ಹಾಕುತ್ತಾರಲ್ಲ, ಜಾತ್ರೆಯವರಿಗೆ ಆ ಕೆಲಸವನ್ನು ಪಂಚಾಂಗ ಮಾಡಿಕೊಡುತ್ತಿತ್ತು.

ಈಗ ನನಗೆ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಂದು ಶನಿವಾರ ಟ್ರಕ್ಕುಗಳನ್ನು ಒಳಗೆ ಕರೆಸುತ್ತಾರೆ. ಅಸೋಸಿಯೇಷನ್ ಅವರಿಂದ ದುಡ್ಡು ತಗೊಳ್ಳುತ್ತೆ, ಅವರು ಅದನ್ನು ವಾಫಲ್ ರೇಟಿಗೆ ಸೇರಿಸುತ್ತಾರೆ. ಸರಿ, ಇರಲಿ. ಆದರೆ ಅದೇ ಗೇಟಿನ ಹೊರಗೆ ಕುಲ್ಫಿ ಗಾಡಿ ನಿಂತರೆ ಸೆಕ್ಯುರಿಟಿ ಸೀಟಿ ಊದುತ್ತಾನೆ. ಅವನ ತಪ್ಪಲ್ಲ, ಅವನಿಗೆ ಹಾಗೇ ಹೇಳಿದ್ದಾರೆ. ಯಾಕೆ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿದರೆ ಒಂದೇ ಉತ್ತರ: ಹೈಜೀನ್.

ಹೈಜೀನ್ ಬೇಕು, ನಾನೂ ಒಪ್ಪುತ್ತೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಹೊರಡಿಸಿತಲ್ಲ, ನನಗೆ ಹಿಡಿಸಿತು. ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಸಿಕ್ಕಿತ್ತು. ಗಮನಿಸಿ, ಸರ್ಕಾರ ನಿಷೇಧಿಸಿದ್ದು ಬಣ್ಣವನ್ನು. ಬಣ್ಣವಿಲ್ಲದ ಬಿಳಿ ಮಿಠಾಯಿಯನ್ನು ಇವತ್ತಿಗೂ ಮಾರಬಹುದು. ನಮ್ಮ ಅಸೋಸಿಯೇಷನ್ ನೋಡಿದ್ದು ಬಣ್ಣವನ್ನೂ ಅಲ್ಲ, ಹಾಲನ್ನೂ ಅಲ್ಲ. ಬಲ್ಬಿನ ಸರ ಇದೆಯೋ ಇಲ್ಲವೋ ಅನ್ನುವುದನ್ನು. ಟ್ರಕ್ಕಿನೊಳಗೆ ಕೈ ತೊಳೆಯೋಕೆ ನೀರಿದೆಯಾ ಅಂತ ಒಬ್ಬರಾದರೂ ಇಣುಕಿದ್ದನ್ನು ನಾನು ಕಂಡಿಲ್ಲ.

ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡೋಕೆ 2014ರಲ್ಲಿ ಕಾಯ್ದೆಯೇ ಬಂದಿದೆ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತಾ ಮಾರುವವರೂ ಅದರಲ್ಲಿ ಸೇರುತ್ತಾರೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಬೀದಿ ವ್ಯಾಪಾರದ ವಿಚಾರ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು ಅಂತೆಲ್ಲ ಇದೆ. ನಮ್ಮ ಗೇಟಿನ ಹೊರಗಿರುವುದು ಸಾರ್ವಜನಿಕ ರಸ್ತೆ. ಒಂದು ಪಾಲಿಕೆ ಇದ್ದದ್ದು 2025ರಲ್ಲಿ ಐದಾಯಿತು, ರಸ್ತೆಯ ಯಜಮಾನಿಕೆ ಅದರಲ್ಲಿ ಯಾರಿಗೆ ಹೋಯಿತೋ, ನಮ್ಮ ಅಸೋಸಿಯೇಷನ್‌ಗಂತೂ ಬಂದಿಲ್ಲ.

ಮುಂದಿನ ಮೀಟಿಂಗಿನಲ್ಲಿ ನಾನು ಕೇಳುವುದು ಇಷ್ಟು. ರಾತ್ರಿ ಒಂಬತ್ತರಿಂದ ಹತ್ತರವರೆಗೆ ಕುಲ್ಫಿ ಗಾಡಿ ಒಳಗೆ ಬರಲಿ, ವಿಸಿಟರ್ ಪಾರ್ಕಿಂಗ್ ಪಕ್ಕ ನಿಲ್ಲಲಿ. ಹಾಲು ಎಲ್ಲಿಂದ ತರ್ತೀರಿ, ಐಸು ಎಲ್ಲಿಯದು ಅಂತ ಕೇಳಿ, ನೋಂದಣಿ ಕಾಗದ ನೋಡಿ, ಟ್ರಕ್ಕಿನವರನ್ನೂ ಅದನ್ನೇ ಕೇಳಿ. ಕುಲ್ಫಿಯವರಿಂದ ಬಾಡಿಗೆ ಬೇಡ, ಕಡ್ಡಿ ಹಾಕೋಕೆ ಡಬ್ಬಿ ನಾವೇ ಇಡೋಣ. ಟ್ರಕ್ಕಿನವರು ಎಂದಿನಂತೆ ಬರಲಿ, ನಾನೂ ವಾಫಲ್ ತಿನ್ನುತ್ತೇನೆ. ಆ ಜನರೇಟರ್ ಒಂದನ್ನು ಮಾತ್ರ ಬಿ ಬ್ಲಾಕಿನ ಕಡೆ ಇಡಬೇಡಿ, ದಯವಿಟ್ಟು.